ಆಫರ್ ನೋಡಿ ದಿನಸಿ ಕೊಂಡರೂ ಬಿಲ್ ಯಾಕೆ ಇಳಿಯಲ್ಲ?

ಅಂಗಡಿಗಳ ಜಾಹೀರಾತನ್ನೆಲ್ಲ ಒಟ್ಟಿಗೆ ತೋರಿಸುವ ಆ್ಯಪ್ ಹಾಕಿಕೊಂಡ ಮೊದಲ ತಿಂಗಳು ನಾನು ಬಹಳ ಖುಷಿಯಲ್ಲಿದ್ದೆ. ಎಣ್ಣೆ ಒಂದು ಅಂಗಡಿಯಲ್ಲಿ ಅಗ್ಗ, ಸಕ್ಕರೆ ಇನ್ನೊಂದರಲ್ಲಿ ಅಗ್ಗ, ಬಟ್ಟೆ ಒಗೆಯುವ ಪುಡಿ ಮೂರನೆಯದರಲ್ಲಿ ಅರ್ಧ ಬೆಲೆ. ಕೂತಲ್ಲೇ ಎಲ್ಲ ಗೊತ್ತಾಗುತ್ತಿತ್ತು. ತಿಂಗಳ ಕೊನೆಗೆ ಬಿಲ್‌ಗಳನ್ನೆಲ್ಲ ಕೂಡಿಸಿ ನೋಡಿದೆ. ಹಿಂದಿನ ತಿಂಗಳಿಗಿಂತ ಜಾಸ್ತಿಯೇ ಆಗಿತ್ತು!

ಆ್ಯಪ್ ಸುಳ್ಳು ಹೇಳಿರಲಿಲ್ಲ. ಎಣ್ಣೆ ನಿಜವಾಗಿಯೂ ಅಗ್ಗವೇ ಇತ್ತು. ಆದರೆ ಎಣ್ಣೆಗೆಂದು ಹೋದವನು ಅದೊಂದನ್ನೇ ತಂದಿರಲಿಲ್ಲ. ಒಂದು ಲೆಕ್ಕ ನೋಡಿ. ಯಾವ ದೇಶದ ದುಡ್ಡಾದರೂ ಲೆಕ್ಕ ಒಂದೇ, ಹಾಗಾಗಿ ಬರೀ ಅಂಕಿ ಇಡುತ್ತೇನೆ. ಜಾಹೀರಾತಿನಲ್ಲಿದ್ದ ಮೂರು ಸಾಮಾನುಗಳಲ್ಲಿ ಒಟ್ಟು 60 ಉಳಿಯಿತು. ಅದೇ ಅಂಗಡಿಯಲ್ಲಿ ಕೊಂಡ ಉಳಿದ 22 ಸಾಮಾನುಗಳಿಗೆ, ಮಾಮೂಲಿ ಅಂಗಡಿಗಿಂತ 75 ಜಾಸ್ತಿ ಕೊಟ್ಟೆ. ಒಟ್ಟಿನಲ್ಲಿ 15 ಕೈಬಿಟ್ಟಿತು. ಮನಸ್ಸಿಗೆ ಮಾತ್ರ 60 ಉಳಿಸಿದ ತೃಪ್ತಿ.

ಈ ಆ್ಯಪ್‌ಗಳಿಂದ ಉಪಯೋಗ ಇಲ್ಲ ಅಂತ ಹೇಳುತ್ತಿಲ್ಲ. ನಾನು ಈಗಲೂ ಬಳಸುತ್ತೇನೆ, ದುಡ್ಡೂ ಉಳಿಯುತ್ತದೆ. ಆದರೆ ಅವು ನಮ್ಮ ಕೈಗೆ ಕೊಡುವುದು ಅಂಗಡಿಯವರು ಆರಿಸಿದ ಕೆಲವೇ ಬೆಲೆಗಳನ್ನು. ಅವರು ಯಾವುದನ್ನು ಆರಿಸುತ್ತಾರೆ, ಯಾಕೆ ಆರಿಸುತ್ತಾರೆ ಅಂತ ತಿಳಿಯದೆ ಹೋಲಿಸುತ್ತಾ ಕೂತರೆ ನನ್ನ ಮೊದಲ ತಿಂಗಳ ಕಥೆಯೇ ಆಗುತ್ತದೆ.

ಜಾಹೀರಾತಿನಲ್ಲಿ ಯಾವ ಸಾಮಾನು ಬರುತ್ತದೆ?

ಒಂದು ದೊಡ್ಡ ಸೂಪರ್‌ಮಾರ್ಕೆಟ್‌ನಲ್ಲಿ ಹತ್ತಾರು ಸಾವಿರ ಬಗೆಯ ಸಾಮಾನುಗಳಿರುತ್ತವೆ. ವಾರದ ಜಾಹೀರಾತಿನಲ್ಲಿ ಬರುವುದು ಅದರಲ್ಲಿ ಒಂದು ಸಣ್ಣ ಚೂರು. ಆ ಚೂರನ್ನು ಸುಮ್ನೆ ಆರಿಸಿರುವುದಿಲ್ಲ.

ನಿಮ್ಮನ್ನೇ ಕೇಳಿಕೊಳ್ಳಿ. ಮನೆಗೆ ತರುವ ಸಾಮಾನುಗಳಲ್ಲಿ ಎಷ್ಟರ ಬೆಲೆ ನಿಮಗೆ ಬಾಯಿಪಾಠ? ಹಾಲು, ಮೊಟ್ಟೆ, ಸಕ್ಕರೆ, ಎಣ್ಣೆ, ಇನ್ನೊಂದೆರಡು. ಟೂತ್‌ಪೇಸ್ಟ್? ಪಾತ್ರೆ ತಿಕ್ಕುವ ಸ್ಪಂಜು? ಉಪ್ಪು? ತಡವರಿಸುತ್ತೇವೆ, ಅಲ್ವಾ? ಇದು ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ಜನ ಬೆಲೆ ನೆನಪಿಟ್ಟುಕೊಳ್ಳುವ ಸಾಮಾನುಗಳದ್ದೇ ಒಂದು ಪಟ್ಟಿ ಅವರ ಬಳಿ ಇರುತ್ತದೆ. ಅವುಗಳ ಬೆಲೆ ಇಳಿಸಿದರೆ ಇಡೀ ಅಂಗಡಿಯೇ ಅಗ್ಗ ಅನ್ನಿಸುತ್ತದೆ. ಉಳಿದವುಗಳ ಬೆಲೆ ಒಂದಿಷ್ಟು ಏರಿದರೂ ನಮ್ಮ ಕಣ್ಣಿಗೆ ಬೀಳಲ್ಲ.

ಇವುಗಳಲ್ಲಿ ಕೆಲವನ್ನು ಅಸಲಿಗಿಂತ ಕಡಿಮೆ ಬೆಲೆಗೆ ಮಾರುವುದೂ ಉಂಟು. ವ್ಯಾಪಾರದ ಭಾಷೆಯಲ್ಲಿ ಅದಕ್ಕೆ ಲಾಸ್ ಲೀಡರ್ ಅನ್ನುತ್ತಾರೆ. ನಾನು ಅದನ್ನು ಗಾಳದ ಎರೆಹುಳು ಅನ್ನುತ್ತೇನೆ. ಹುಳುವಿನಲ್ಲಿ ಆದ ನಷ್ಟ ಮೀನಿನಲ್ಲಿ ವಾಪಸ್ ಬರುತ್ತದೆ ಎಂಬ ಲೆಕ್ಕ. ದೊಡ್ಡ ಅಂಗಡಿ ಈ ನಷ್ಟ ತಡೆದುಕೊಳ್ಳುತ್ತದೆ, ಪಕ್ಕದ ಚಿಕ್ಕ ಅಂಗಡಿಗೆ ಆಗುವುದಿಲ್ಲ. ಹೀಗಾಗಿ ಇದಕ್ಕೆ ಕಡಿವಾಣ ಹಾಕಿದ ದೇಶಗಳೂ ಇವೆ. ಕೊಂಡ ಬೆಲೆಗಿಂತ ಕಡಿಮೆಗೆ ಮರುಮಾರಾಟ ಮಾಡುವುದನ್ನು ಫ್ರಾನ್ಸ್ 1963ರಲ್ಲೇ ನಿಷೇಧಿಸಿತು.

ಇನ್ನೊಂದು ಗುಟ್ಟು. ಜಾಹೀರಾತಿನ ಮೊದಲ ಪುಟದಲ್ಲಿ ದೊಡ್ಡದಾಗಿ ಹಾಕಿರುವ ಬಿಸ್ಕತ್ತಿನ ಪ್ಯಾಕೆಟ್ ಇದೆಯಲ್ಲ, ಆ ಜಾಗದ ಖರ್ಚನ್ನು ಎಷ್ಟೋ ಸಲ ಅಂಗಡಿಯ ಬದಲು ಬಿಸ್ಕತ್ತು ಮಾಡುವ ಕಂಪನಿಯೇ ಹೊರುತ್ತದೆ. ಅಂದರೆ ಒಂದು ಸಾಮಾನು ಮೊದಲ ಪುಟದಲ್ಲಿದೆ ಎಂದ ಮಾತ್ರಕ್ಕೆ ಅದರಲ್ಲಿ ನಮಗೆ ಲಾಭ ಜಾಸ್ತಿ ಅಂತ ಅಲ್ಲ. ಕೊನೆಯ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಬೇಳೆಯೇ ಒಳ್ಳೆಯ ವ್ಯಾಪಾರ ಆಗಿರಬಹುದು.

ಬೆಲೆ ಒಂದೇ ಕಡೆ ಯಾಕೆ ನಿಲ್ಲಲ್ಲ?

ಈ ವಾರ ಅಗ್ಗವಾಗಿದ್ದ ಎಣ್ಣೆ ಮುಂದಿನ ವಾರ ಮತ್ತೆ ಮೇಲಕ್ಕೆ ಹೋಗುತ್ತದೆ. ಇನ್ನೊಂದು ವಾರ ಬೇರೆ ಅಂಗಡಿಯಲ್ಲಿ ಇಳಿಯುತ್ತದೆ. ಕಾರ್ಖಾನೆಯಲ್ಲಿ ಎಣ್ಣೆಯ ಖರ್ಚು ವಾರ ವಾರ ಹೀಗೆ ಕುಣಿಯುವುದಿಲ್ಲ. ಹಾಗಾದರೆ ಅಂಗಡಿಯಲ್ಲಿ ಯಾಕೆ ಈ ಕುಣಿತ?

ಅರ್ಥಶಾಸ್ತ್ರಜ್ಞ ಹಾಲ್ ವೇರಿಯನ್ 1980ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಇವರು ಮುಂದೆ ಗೂಗಲ್ ಕಂಪನಿಯ ಮುಖ್ಯ ಅರ್ಥಶಾಸ್ತ್ರಜ್ಞರೂ ಆದರು. ಅವರ ವಿವರಣೆಯ ತಿರುಳು ಇಷ್ಟು. ಗಿರಾಕಿಗಳಲ್ಲಿ ಎರಡು ಬಗೆ. ಕೆಲವರು ನಾಲ್ಕು ಕಡೆ ವಿಚಾರಿಸಿ ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳುತ್ತಾರೆ. ಉಳಿದವರು ಎದುರಿಗೆ ಸಿಕ್ಕ ಅಂಗಡಿಗೆ ನುಗ್ಗುತ್ತಾರೆ. ಅಂಗಡಿಗೆ ಇಬ್ಬರೂ ಬೇಕು. ವಿಚಾರಿಸುವವರನ್ನು ಸೆಳೆಯಲು ಬೆಲೆ ಇಳಿಸಬೇಕು, ವಿಚಾರಿಸದವರಿಂದ ಲಾಭ ತೆಗೆಯಲು ಏರಿಸಬೇಕು. ಎರಡನ್ನೂ ಒಟ್ಟಿಗೆ ಮಾಡಲು ಆಗದು. ಅದಕ್ಕೇ ಬೆಲೆಯನ್ನು ಆಗಾಗ ಮೇಲೆ ಕೆಳಗೆ ಆಡಿಸುತ್ತಾರೆ. ಯಾವತ್ತೂ ಒಂದೇ ಅಂಗಡಿ ಅಗ್ಗವಾಗಿದ್ದರೆ ಕಾಲಕ್ರಮದಲ್ಲಿ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಬೆಲೆ ಊಹೆಗೆ ಸಿಗದಂತೆ ಓಡಾಡುತ್ತಿದ್ದರೆ ಯಾರೂ ಪಾಠ ಕಲಿಯಲು ಆಗುವುದಿಲ್ಲ.

ನನಗಂತೂ ಇದನ್ನು ಓದಿದ ಮೇಲೆ ಜಾಹೀರಾತು ನೋಡುವ ದೃಷ್ಟಿಯೇ ಬದಲಾಯಿತು. 'ಯಾವ ಅಂಗಡಿ ಅಗ್ಗ?' ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. 'ಈ ಸಾಮಾನು ಈಗ ಇಳಿದಿದೆಯಾ, ಇನ್ನೂ ಇಳಿಯುತ್ತದಾ?' ಎಂದು ಕೇಳಬೇಕು. ಆ್ಯಪ್ ಉಪಯೋಗಕ್ಕೆ ಬರುವುದು ಈ ಪ್ರಶ್ನೆಗೆ. ವಿಚಾರಿಸುವ ಗುಂಪಿಗೆ ಸೇರುವ ಶ್ರಮವನ್ನು ಅದು ಇಳಿಸುತ್ತದೆ. ಮೊದಲು ನಾಲ್ಕು ಕರಪತ್ರ ಹರಡಿಕೊಂಡು ಅರ್ಧ ಗಂಟೆ ಕೂರಬೇಕಿತ್ತು. ಈಗ ಎರಡು ನಿಮಿಷ ಸಾಕು.

ಆ್ಯಪ್‌ನ ಒಳಗೆ ನಡೆಯುವುದೇನು?

ಕೆನಡಾದ ಟೊರೊಂಟೊದಲ್ಲಿ ಹುಟ್ಟಿದ ಫ್ಲಿಪ್, ಜರ್ಮನಿಯ ಕೌಫ್‌ಡಾ, ಸ್ಪೇನ್‌ನಲ್ಲಿ ಶುರುವಾದ ಟಿಯೆಂಡೆಯೊ, ಹೀಗೆ ಬೇರೆ ಬೇರೆ ಕಡೆ ಇಂಥ ಆ್ಯಪ್‌ಗಳಿವೆ. ಹೆಸರು ಬೇರೆಯಾದರೂ ಒಳಗಿನ ಕೆಲಸ ಹೆಚ್ಚು ಕಡಿಮೆ ಒಂದೇ.

ಮೊದಲು ಬೆಲೆ ಒಳಗೆ ಬರಬೇಕು. ಅಂಗಡಿಗಳು ತಮ್ಮ ಕರಪತ್ರದ ಕಡತವನ್ನೇ ಕಳಿಸಬಹುದು. ಕಂಪ್ಯೂಟರ್ ಆ ಪುಟವನ್ನು ಚೌಕ ಚೌಕವಾಗಿ ಕತ್ತರಿಸಿ, ಪ್ರತಿ ಚೌಕದಲ್ಲಿ ಹೆಸರು ಯಾವುದು, ಅಳತೆ ಎಷ್ಟು, ಬೆಲೆ ಎಷ್ಟು ಅಂತ ಓದುತ್ತದೆ. ಕೆಲವು ಅಂಗಡಿಗಳು ಬೆಲೆಪಟ್ಟಿಯನ್ನು ನೇರವಾಗಿ ಕೊಡುತ್ತವೆ. ಕೆಲವು ಆ್ಯಪ್‌ಗಳು ಅಂಗಡಿಗಳ ಆನ್‌ಲೈನ್ ಮಳಿಗೆಯಿಂದ ಬೆಲೆ ಎತ್ತಿಕೊಳ್ಳುತ್ತವೆ. ಇನ್ನು ಕೆಲವು ನಮ್ಮಂಥ ಗಿರಾಕಿಗಳಿಂದ ಬಿಲ್‌ನ ಫೋಟೋ ಕೇಳುತ್ತವೆ. ಬಿಲ್‌ನಲ್ಲಿರುವುದು ನಿಜವಾಗಿ ಕೊಟ್ಟ ಬೆಲೆ, ಆದರೆ ಅದು ನಿನ್ನೆಯದೋ ಮೊನ್ನೆಯದೋ ಆಗಿರುತ್ತದೆ. ಕರಪತ್ರದಲ್ಲಿರುವುದು ಈ ವಾರದ ಬೆಲೆ, ಆದರೆ ಆರಿಸಿದ ಸಾಮಾನುಗಳದ್ದು ಮಾತ್ರ. ನಿಮ್ಮ ಆ್ಯಪ್ ಯಾವ ದಾರಿಯಲ್ಲಿ ಬೆಲೆ ತರುತ್ತದೆ ಅಂತ ತಿಳಿದಿದ್ದರೆ ಅದನ್ನು ಎಷ್ಟು ನಂಬಬೇಕು ಅನ್ನುವುದೂ ತಿಳಿಯುತ್ತದೆ.

ಆ್ಯಪ್ ಮೊದಲು ಲೊಕೇಶನ್ ಕೇಳುವುದಕ್ಕೂ ಕಾರಣವಿದೆ. ಒಂದೇ ಹೆಸರಿನ ಅಂಗಡಿ ಬೇರೆ ಬೇರೆ ಬಡಾವಣೆಯಲ್ಲಿ ಬೇರೆ ಬೇರೆ ಬೆಲೆ ಇಡಬಹುದು. ಎದುರಿಗೆ ಪೈಪೋಟಿ ಇದ್ದಲ್ಲಿ ಕಡಿಮೆ, ಇಲ್ಲದ ಕಡೆ ಜಾಸ್ತಿ. ತಪ್ಪು ಶಾಖೆ ಆರಿಸಿಕೊಂಡರೆ ನೀವು ನೋಡುತ್ತಿರುವುದು ಬೇರೆಯವರ ಬೆಲೆ. ಪೂರ್ತಿ ಲೊಕೇಶನ್ ಅನುಮತಿ ಕೊಡಲು ಮನಸ್ಸಿಲ್ಲದಿದ್ದರೆ ಅಂಚೆ ಸಂಖ್ಯೆ ಹಾಕಿದರೂ ಎಷ್ಟೋ ಕಡೆ ನಡೆಯುತ್ತದೆ. ನಾನು ಮಾಡಿರುವುದು ಅದನ್ನೇ.

ಆಮೇಲೆ ಬರುವುದು ನಿಜವಾಗಿ ಕಷ್ಟದ ಕೆಲಸ. ಈ ಅಂಗಡಿಯ ಸೋಪು, ಆ ಅಂಗಡಿಯ ಸೋಪು ಎರಡೂ ಒಂದೇನಾ ಅಂತ ಆ್ಯಪ್‌ಗೆ ಗೊತ್ತಾಗುವುದು ಹೇಗೆ? ಬ್ರಾಂಡಿನ ಸಾಮಾನಾದರೆ ಬಾರ್‌ಕೋಡ್ ಇದೆ. 1974ರ ಜೂನ್ 26ರಂದು ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಪಟ್ಟಣದ ಸೂಪರ್‌ಮಾರ್ಕೆಟ್ ಒಂದರಲ್ಲಿ ಚೂಯಿಂಗ್ ಗಮ್ ಪ್ಯಾಕೆಟ್ಟಿನ ಬಾರ್‌ಕೋಡನ್ನು ಮೊದಲ ಬಾರಿಗೆ ಸ್ಕ್ಯಾನ್ ಮಾಡಿದರು. ಕೌಂಟರ್‌ನಲ್ಲಿ ಬಿಲ್ ಬೇಗ ಆಗಲಿ ಅಂತ ಬಂದ ಆ ಗೆರೆಗಳೇ ಇವತ್ತು ಒಂದೇ ಸಾಮಾನನ್ನು ಹತ್ತು ಅಂಗಡಿಯಲ್ಲಿ ಗುರುತಿಸುವ ಆಧಾರ. ಆದರೆ ಕರಪತ್ರದಲ್ಲಿ ಬಾರ್‌ಕೋಡ್ ಹಾಕಿರುವುದಿಲ್ಲ, ಚಿತ್ರ ಮತ್ತು ಹೆಸರು ಅಷ್ಟೇ. ಅಂಗಡಿಯ ಸ್ವಂತ ಬ್ರಾಂಡಿನ ಹಿಟ್ಟಿಗೆ ಇನ್ನೊಂದು ಅಂಗಡಿಯಲ್ಲಿ ಜೋಡಿಯೇ ಇರುವುದಿಲ್ಲ. ತರಕಾರಿ, ಹಣ್ಣಿನ ವಿಷಯ ಕೇಳಲೇಬೇಡಿ. ಟೊಮೆಟೊ ಅಂದರೆ ಟೊಮೆಟೊ, ಆದರೆ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಮುಟ್ಟಿದರೆ ಒಡೆಯುವಂಥದ್ದು. ಬೆಲೆ ಹೋಲಿಸುವ ಆ್ಯಪ್‌ಗೆ ಇದು ಕಾಣುವುದಿಲ್ಲ. ಒಮ್ಮೆ ನಾನು ಸೋಪು ಅಂತ ಹುಡುಕಿದಾಗ 'ಅತಿ ಕಡಿಮೆ ಬೆಲೆ' ಎಂದು ಮೇಲೆ ಬಂದಿದ್ದು ಸೋಪು ಇಡುವ ಡಬ್ಬಿ!

ಇನ್ನು ಆ್ಯಪ್ ಪುಕ್ಕಟೆ ಸಿಗುತ್ತದೆ ಅಂದಮೇಲೆ ಅದರ ಖರ್ಚು ಯಾರು ಕೊಡುತ್ತಾರೆ? ಮುಖ್ಯವಾಗಿ ಅಂಗಡಿಗಳು ಮತ್ತು ಬ್ರಾಂಡುಗಳು. ಕರಪತ್ರ ತೋರಿಸಿದ್ದಕ್ಕೆ, ಹುಡುಕಿದಾಗ ಮೇಲೆ ತಂದಿದ್ದಕ್ಕೆ, ನಮ್ಮ ಫೋನಿಗೆ ಸೂಚನೆ ಕಳಿಸಿದ್ದಕ್ಕೆ ದುಡ್ಡು ಬರುತ್ತದೆ. ಜನ ಏನು ಹುಡುಕುತ್ತಾರೆ ಅನ್ನುವ ಮಾಹಿತಿಗೂ ಬೆಲೆ ಇದೆ. ಇದರಲ್ಲಿ ಮೋಸ ಏನಿಲ್ಲ. ಆದರೆ 'ಈ ವಾರದ ಭರ್ಜರಿ ಆಫರ್' ಅಂತ ತಾನಾಗಿ ಫೋನಿನಲ್ಲಿ ಬರುವ ಸೂಚನೆ ಬಂದಿರುವುದು ನಿಮ್ಮ ಅಡುಗೆಮನೆಯ ಡಬ್ಬಿ ಖಾಲಿಯಾಗಿದೆ ಅಂತಲ್ಲ. ಆ್ಯಪ್ ಹಾಕಿಕೊಂಡ ತಕ್ಷಣ ನೋಟಿಫಿಕೇಶನ್ ಬಂದ್ ಮಾಡಿ. ನನ್ನ ಪ್ರಕಾರ ಅತಿ ಹೆಚ್ಚು ದುಡ್ಡು ಉಳಿಸುವ ಒಂದೇ ಒಂದು ಸೆಟ್ಟಿಂಗ್ ಇದು.

ದೊಡ್ಡ ಅಂಕಿಯ ಕೆಳಗಿನ ಸಣ್ಣ ಅಂಕಿ

ಈಗ ಲೆಕ್ಕಕ್ಕೆ ಬರೋಣ. ಎರಡು ಜಾಹೀರಾತು ಅಕ್ಕಪಕ್ಕ ಇಟ್ಟಾಗ ನಮ್ಮ ಕಣ್ಣು ಹೋಗುವುದು ದೊಡ್ಡ ಅಕ್ಷರದ ಬೆಲೆಯ ಮೇಲೆ. ಹೋಲಿಸಬೇಕಾದದ್ದು ಕಿಲೋ ಲೆಕ್ಕದ ಅಥವಾ ಲೀಟರ್ ಲೆಕ್ಕದ ಬೆಲೆಯನ್ನು.

ಒಂದು ಅಂಗಡಿಯಲ್ಲಿ 750 ಮಿಲಿ ಎಣ್ಣೆಗೆ 120. ಇನ್ನೊಂದರಲ್ಲಿ 900 ಮಿಲಿಗೆ 153. ಮೂರನೆಯದರಲ್ಲಿ 5 ಲೀಟರಿನ ಫ್ಯಾಮಿಲಿ ಪ್ಯಾಕ್ 825, ಮೇಲೊಂದು ಕೆಂಪು ನಕ್ಷತ್ರ ಬೇರೆ. ಲೀಟರಿಗೆ ಇಳಿಸಿ ನೋಡಿ. ಮೊದಲನೆಯದು 160, ಎರಡನೆಯದು 170, ನಕ್ಷತ್ರದ್ದು 165. ಚಿಕ್ಕ ಬಾಟಲಿಯೇ ಅಗ್ಗ! ದೊಡ್ಡ ಪ್ಯಾಕ್ ಅಂದರೆ ಅಗ್ಗ ಅನ್ನುವುದು ಎಷ್ಟೋ ಸಲ ನಿಜ, ಆದರೆ ಯಾವಾಗಲೂ ಅಲ್ಲ. ನಾವು ಹಾಗೆ ನಂಬಿದ್ದೇವೆ ಅಂತ ಅಂಗಡಿಯವರಿಗೂ ಗೊತ್ತು. ಐರೋಪ್ಯ ಒಕ್ಕೂಟ 1998ರಲ್ಲೇ ಈ ಕಿಲೋ ಲೆಕ್ಕದ ಬೆಲೆಯನ್ನೂ ತೋರಿಸಬೇಕು ಅಂತ ನಿಯಮ ತಂದಿತು. ಕಪಾಟಿನ ಚೀಟಿಯ ಮೂಲೆಯಲ್ಲಿ ಸಣ್ಣದಾಗಿ ಇರುತ್ತದೆ. ಇಲ್ಲದಿದ್ದರೆ ಫೋನಿನ ಕ್ಯಾಲ್ಕುಲೇಟರ್ ಇದೆ. ಬೆಲೆಯನ್ನು ಗ್ರಾಂನಿಂದ ಭಾಗಿಸಿ 1000ದಿಂದ ಗುಣಿಸಿದರೆ ಕಿಲೋಗೆ ಎಷ್ಟು ಅಂತ ಬರುತ್ತದೆ.

ಆಫರ್‌ಗಳ ಲೆಕ್ಕ ಇನ್ನೂ ಮಜಾ. 'ಒಂದು ಕೊಂಡರೆ ಒಂದು ಉಚಿತ' ಅಂದರೆ ಅರ್ಧ ಬೆಲೆ, ಎರಡೂ ಬೇಕಿದ್ದರೆ ಮಾತ್ರ. 'ಎರಡು ಕೊಂಡರೆ ಒಂದು ಉಚಿತ' ಅಂದರೆ ಶೇ 33. 'ಎರಡನೆಯದು ಅರ್ಧ ಬೆಲೆಗೆ' ಅನ್ನುವುದು ಕೇಳಲು ಭಾರಿ, ಲೆಕ್ಕಕ್ಕೆ ಶೇ 25. 'ಶೇ 50 ಹೆಚ್ಚುವರಿ' ಅಂದರೆ ಎಷ್ಟು? ಅರ್ಧ ಅಂತ ಅನ್ನಿಸುತ್ತದೆ. 100 ಗ್ರಾಂ ಬೆಲೆಗೆ 150 ಗ್ರಾಂ ಸಿಗುತ್ತಿದೆ, ಅಂದರೆ ಶೇ 33 ರಿಯಾಯಿತಿ ಅಷ್ಟೇ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಂಗಡಿಯೊಂದರಲ್ಲಿ ಕೈಗೆ ಹಚ್ಚುವ ಲೋಷನ್ ಅನ್ನು 'ಹೆಚ್ಚುವರಿ' ಅಂತಲೂ ರಿಯಾಯಿತಿ ಅಂತಲೂ ಎರಡು ಬಗೆಯಲ್ಲಿ ಮಾರಿ ನೋಡಿದರು. ಎರಡರ ಲಾಭವೂ ಒಂದೇ. ಆದರೂ ರಿಯಾಯಿತಿಗಿಂತ 'ಹೆಚ್ಚುವರಿ' ಅಂತ ಬರೆದದ್ದು ಶೇ 73 ಜಾಸ್ತಿ ಮಾರಾಟವಾಯಿತು. ನಮ್ಮ ತಲೆ ಶೇಕಡಾ ಲೆಕ್ಕದಲ್ಲಿ ಎಷ್ಟು ಮಂದ ಅನ್ನುವುದಕ್ಕೆ ಇಷ್ಟು ಸಾಕು. ನನ್ನದೂ ಸೇರಿ.

ಗೆರೆ ಎಳೆದು ಹೊಡೆದುಹಾಕಿದ ಹಳೆಯ ಬೆಲೆಯನ್ನು ನಾನು ಓದುವುದನ್ನೇ ಬಿಟ್ಟಿದ್ದೇನೆ. 100 ಇದ್ದದ್ದನ್ನು ಎರಡು ವಾರ 120 ಮಾಡಿ, ಆಮೇಲೆ ಶೇ 20 ಕಡಿತ ಅಂತ ಹಾಕಿದರೆ 96 ಆಗುತ್ತದೆ. ಜಾಹೀರಾತಿನಲ್ಲಿ 24 ಉಳಿತಾಯ, ನಿಜದಲ್ಲಿ 4. ಈ ಆಟಕ್ಕೆ ತಡೆ ಹಾಕಲು ಐರೋಪ್ಯ ಒಕ್ಕೂಟದಲ್ಲಿ 2022ರ ಮೇ 28ರಿಂದ ಹೊಸ ನಿಯಮ ಜಾರಿಗೆ ಬಂತು. ಬೆಲೆ ಇಳಿಸಿದ್ದೇವೆ ಎಂದು ಹೇಳುವ ಅಂಗಡಿ ಹಿಂದಿನ 30 ದಿನಗಳಲ್ಲಿದ್ದ ಅತಿ ಕಡಿಮೆ ಬೆಲೆಯನ್ನೂ ತೋರಿಸಬೇಕು. ಅದನ್ನು ಸಣ್ಣ ಅಕ್ಷರದಲ್ಲಿ ತೋರಿಸಿ, ಶೇಕಡಾವಾರು ಕಡಿತವನ್ನು ಮಾತ್ರ ಬೇರೆ ಬೆಲೆಯ ಮೇಲೆ ಲೆಕ್ಕ ಹಾಕಬಹುದಾ? ಈ ಪ್ರಶ್ನೆ ಜರ್ಮನಿಯ ಸೂಪರ್‌ಮಾರ್ಕೆಟ್ ಕಂಪನಿ ಆಲ್ಡಿ ಸ್ಯೂಡ್‌ನ ಬಾಳೆಹಣ್ಣು ಮತ್ತು ಅನಾನಸ್ ಜಾಹೀರಾತಿನ ವಿಚಾರದಲ್ಲಿ ಒಕ್ಕೂಟದ ನ್ಯಾಯಾಲಯದವರೆಗೆ ಹೋಯಿತು. ಆಗದು, ಕಡಿತವನ್ನೂ ಆ 30 ದಿನಗಳ ಅತಿ ಕಡಿಮೆ ಬೆಲೆಯ ಮೇಲೆಯೇ ಲೆಕ್ಕ ಹಾಕಬೇಕು ಅಂತ 2024ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು. ಬಾಳೆಹಣ್ಣಿನ ಬೆಲೆಗೆ ಅಷ್ಟು ದೊಡ್ಡ ನ್ಯಾಯಾಲಯ!

ಪ್ಯಾಕೆಟ್ ಕುಗ್ಗುವುದನ್ನೂ ಮರೆಯಬಾರದು. 500 ಗ್ರಾಂ ಪ್ಯಾಕೆಟ್ 450 ಗ್ರಾಂ ಆಗಿ ಬೆಲೆ ಹಾಗೇ ಇದ್ದರೆ, ಅದು ಶೇ 11ರಷ್ಟು ಏರಿಕೆ. ಜಾಹೀರಾತಿನಲ್ಲಿ 'ಅದೇ ಬೆಲೆ' ಅಂತ ಹೆಮ್ಮೆಯಿಂದ ಹಾಕಿರುತ್ತಾರೆ. ಫ್ರಾನ್ಸ್‌ನಲ್ಲಿ 2024ರ ಜುಲೈ 1ರಿಂದ ಹೀಗೆ ಕುಗ್ಗಿದ ಸಾಮಾನಿನ ಹತ್ತಿರ ಅದನ್ನು ತಿಳಿಸುವ ಫಲಕ ಹಾಕಬೇಕು ಅಂತ ದೊಡ್ಡ ಅಂಗಡಿಗಳಿಗೆ ಕಡ್ಡಾಯ ಮಾಡಿದ್ದಾರೆ. ಉಳಿದ ಕಡೆ ನಮ್ಮ ಕಣ್ಣೇ ಫಲಕ.

ನಾನೀಗ ಮಾಡುವ ಕ್ರಮ

ಮೊದಲ ತಿಂಗಳ ಪೆಟ್ಟು ತಿಂದ ಮೇಲೆ ಹಳೆಯ ಬಿಲ್‌ಗಳನ್ನು ತೆಗೆದು ಕೂತೆ. ಮನೆಗೆ ಬರುವ ನೂರಾರು ಸಾಮಾನುಗಳಲ್ಲಿ ಹದಿನೆಂಟು ಮಾತ್ರ ಮತ್ತೆ ಮತ್ತೆ ಬರುತ್ತಿದ್ದವು, ಮತ್ತು ಖರ್ಚಿನ ದೊಡ್ಡ ಪಾಲು ಅವುಗಳದ್ದೇ ಆಗಿತ್ತು. ಆ ಹದಿನೆಂಟನ್ನು ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದೆ. ಪ್ರತಿಯೊಂದರ ಮುಂದೆ ಕಿಲೋ ಅಥವಾ ಲೀಟರ್ ಲೆಕ್ಕದ ಬೆಲೆ, ಅಂಗಡಿ, ತಾರೀಕು. ಬೇರೇನೂ ಇಲ್ಲ. ಫೋನಿನಲ್ಲೂ ಬರೆಯಬಹುದು. ನನಗೆ ಕಾಗದವೇ ಸರಿ, ಫೋನು ತೆಗೆದರೆ ಬೇರೆಲ್ಲಿಗೋ ಹೋಗಿಬಿಡುತ್ತೇನೆ.

ಎರಡು ಮೂರು ತಿಂಗಳು ಹೀಗೆ ಬರೆದರೆ ಒಂದು ಚಿತ್ರ ಮೂಡುತ್ತದೆ. ಒಗೆಯುವ ಪುಡಿ ಎಂಟು ವಾರಕ್ಕೊಮ್ಮೆ ತಳಕ್ಕೆ ಬರುತ್ತದೆ ಅಂತಿಟ್ಟುಕೊಳ್ಳಿ. ಮನೆಯಲ್ಲಿ ಒಂದು ಪ್ಯಾಕೆಟ್ ಹತ್ತು ದಿನ ಬರುತ್ತದೆ. ಎಂಟು ವಾರ ಅಂದರೆ 56 ದಿನ. ಇಳಿದಾಗ ಆರು ಪ್ಯಾಕೆಟ್ ತಂದಿಟ್ಟರೆ ಮುಂದಿನ ಇಳಿತದವರೆಗೆ ಸಾಕು. ಆರಕ್ಕಿಂತ ಜಾಸ್ತಿ ತಂದರೆ ಜಾಗ ದಂಡ, ಕಡಿಮೆ ತಂದರೆ ನಡುವೆ ಪೂರ್ತಿ ಬೆಲೆ ತೆರಬೇಕು. ಅಂಗಡಿಗಳನ್ನು ಪರಸ್ಪರ ಹೋಲಿಸುವುದಕ್ಕಿಂತ ಇವತ್ತಿನ ಬೆಲೆಯನ್ನು ನಮ್ಮದೇ ಹಳೆಯ ಬೆಲೆಯ ಜೊತೆ ಹೋಲಿಸುವುದರಲ್ಲಿ ನನಗೆ ಹೆಚ್ಚು ದುಡ್ಡು ಉಳಿದಿದೆ.

ಆ್ಯಪ್ ಬಳಸುವ ದಿಕ್ಕನ್ನೂ ತಿರುಗಿಸಿದೆ. ಮೊದಲು ಪುಟ ತಿರುವುತ್ತಾ ಹೋಗುತ್ತಿದ್ದೆ, ಕಣ್ಣಿಗೆ ಬಿದ್ದದ್ದು ಪಟ್ಟಿಗೆ ಸೇರುತ್ತಿತ್ತು. ಈಗ ಡಬ್ಬಿಗಳನ್ನು ತೆರೆದು ನೋಡಿ, ಬೇಕಾದ್ದರ ಚೀಟಿ ಮೊದಲು ಬರೆದು, ಆ ಹೆಸರುಗಳನ್ನು ಮಾತ್ರ ಹುಡುಕುತ್ತೇನೆ. ಕರಪತ್ರದ ಪುಟ ತೆರೆಯುವುದೇ ಇಲ್ಲ.

ಕೂಡಿಡುವ ಮಾತು ಒಗೆಯುವ ಪುಡಿ, ಉಪ್ಪು, ಸಕ್ಕರೆಗೆ ಸರಿ. ಕೆಡುವ ಸಾಮಾನಿಗೆ ಅಲ್ಲ. ಅರ್ಧ ಬೆಲೆಗೆ ಎರಡು ಪಟ್ಟು ಮೊಸರು ತಂದು ಅರ್ಧ ಚೆಲ್ಲಿದರೆ ಉಳಿದದ್ದು ಸೊನ್ನೆ. ಇದು ಯಾರೋ ಒಬ್ಬಿಬ್ಬರ ಮನೆ ಕಥೆಯಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್. ಅದರಲ್ಲಿ ಸುಮಾರು ಶೇ 60 ಮನೆಗಳಲ್ಲೇ ಚೆಲ್ಲಿ ಹೋದದ್ದು.

ಎರಡನೆಯ ಅಂಗಡಿಗೆ ಹೋಗಬೇಕಾ ಬೇಡವಾ ಅನ್ನುವುದಕ್ಕೂ ಲೆಕ್ಕ ಹಾಕಿಕೊಳ್ಳಿ. ಅಲ್ಲಿ 40 ಉಳಿಯುತ್ತದೆ, ಹೋಗಿ ಬರಲು 25 ಖರ್ಚು, ಮುಕ್ಕಾಲು ಗಂಟೆ ಸಮಯ. ಕೊನೆಗೆ ಕೈಯಲ್ಲಿ 15. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಜೊತೆಗೆ ಪ್ರತಿ ಅಂಗಡಿಯಲ್ಲೂ ಚೀಟಿಯಲ್ಲಿಲ್ಲದ ಒಂದೆರಡು ಸಾಮಾನು ಟ್ರಾಲಿಗೆ ಹಾರಿ ಬೀಳುತ್ತವೆ. ಅಲ್ಲಿಗೆ ಆ 15 ಕೂಡ ಹೋಯಿತು. ದಾರಿಯಲ್ಲೇ ಇರುವ ಅಂಗಡಿಯಾದರೆ ಹೋಗುತ್ತೇನೆ, ಇಲ್ಲವಾದರೆ ಆ ಇಳಿತವನ್ನು ಬಿಟ್ಟುಬಿಡುತ್ತೇನೆ. ಅದು ಮತ್ತೆ ಬಂದೇ ಬರುತ್ತದೆ.

ಕೆಲವು ಅಂಗಡಿಗಳು ಪೈಪೋಟಿ ಅಂಗಡಿಯ ಜಾಹೀರಾತು ತೋರಿಸಿದರೆ ಅದೇ ಬೆಲೆಗೆ ಕೊಡುತ್ತವೆ. ಇದು ಇರುವ ಕಡೆ ಆ್ಯಪ್ ಬಹಳ ಕೆಲಸಕ್ಕೆ ಬರುತ್ತದೆ, ಓಡಾಟವೇ ಬೇಡ. ಆದರೆ ಅದೇ ಬ್ರಾಂಡ್, ಅದೇ ಅಳತೆ, ತಾರೀಕು ಮುಗಿದಿರದ ಜಾಹೀರಾತು ಆಗಿರಬೇಕು. ಕೌಂಟರಿಗೆ ಹೋಗುವ ಮುಂಚೆ ಆ ಪುಟವನ್ನು ತೆರೆದಿಟ್ಟುಕೊಳ್ಳಿ. ಹಿಂದೆ ನಿಂತವರ ನಿಟ್ಟುಸಿರು ಕೇಳುವುದು ತಪ್ಪುತ್ತದೆ.

ಸದಸ್ಯರಿಗೆ ಮಾತ್ರ ಕೊಡುವ ಬೆಲೆಯ ಬಗ್ಗೆ ನನಗೆ ಬಹಳ ಅನುಮಾನ ಇತ್ತು. ಬೆಲೆ ಏರಿಸಿ ಕಾರ್ಡ್ ಇದ್ದವರಿಗೆ ಇಳಿಸಿದಂತೆ ತೋರಿಸುತ್ತಾರೆ ಅಂತಲೇ ಅಂದುಕೊಂಡಿದ್ದೆ. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಅಲ್ಲಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಇಂಥ ಆಫರ್ ಇದ್ದ ಸುಮಾರು 50,000 ಸಾಮಾನುಗಳನ್ನು ಪರಿಶೀಲಿಸಿ 2024ರ ನವೆಂಬರ್‌ನಲ್ಲಿ ಫಲಿತಾಂಶ ಹೇಳಿತು. ಶೇ 92ರಲ್ಲಿ ಮಾಮೂಲಿ ಬೆಲೆಗಿಂತ ನಿಜವಾದ ಉಳಿತಾಯ ಇತ್ತು. ನನ್ನ ಅನುಮಾನ ಅಲ್ಲಿ ಸೋತಿತು. ಆದರೆ ಸದಸ್ಯರ ಬೆಲೆ ಅಂದಾಕ್ಷಣ ಅದೇ ಎಲ್ಲಕ್ಕಿಂತ ಅಗ್ಗ ಅಂತ ತಿಳಿಯಬೇಡಿ, ಬೇರೆ ಕಡೆಯೂ ನೋಡಿ ಅಂತ ಅದೇ ಪ್ರಾಧಿಕಾರ ಹೇಳಿತು. ಕಾರ್ಡಿಗೆ ಬದಲಾಗಿ ನಾವು ಏನು ಕೊಳ್ಳುತ್ತೇವೆ ಅನ್ನುವ ಮಾಹಿತಿಯನ್ನು ಕೊಡುತ್ತಿದ್ದೇವೆ, ಅದು ಬೇರೆ ಮಾತು.

ಎಲ್ಲರೂ ಹೋಲಿಸಿದರೆ ಬೆಲೆಯೇ ಇಳಿಯುತ್ತದಾ?

ಈ ಪ್ರಶ್ನೆಗೆ ಇಸ್ರೇಲ್ ಒಂದು ದೊಡ್ಡ ಪ್ರಯೋಗದಂತೆ ಆಯಿತು. 2014ರ ಕಾಯ್ದೆಯೊಂದರ ಪ್ರಕಾರ ಅಲ್ಲಿನ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಪ್ರತಿ ಶಾಖೆಯ ಪ್ರತಿ ಸಾಮಾನಿನ ಬೆಲೆಯನ್ನೂ ಇಂಟರ್ನೆಟ್ಟಿನಲ್ಲಿ ಹಾಕಬೇಕಾಯಿತು. 2015ರಲ್ಲಿ ಇದು ಜಾರಿಗೆ ಬಂತು. ಆರಿಸಿದ ಜಾಹೀರಾತಲ್ಲ, ಪೂರ್ತಿ ಬೆಲೆಪಟ್ಟಿ. ಇತಾಯ್ ಅಟೆರ್ ಮತ್ತು ಓರೆನ್ ರಿಗ್ಬಿ ಎಂಬ ಸಂಶೋಧಕರು ಲೆಕ್ಕ ಹಾಕಿ ನೋಡಿದಾಗ ಬೆಲೆಗಳು ಶೇ 4ರಿಂದ 5ರಷ್ಟು ಇಳಿದಿದ್ದವು. ಇದರಲ್ಲಿ ಮಾಧ್ಯಮಗಳ ಪಾತ್ರವೂ ದೊಡ್ಡದಿತ್ತು. ಯಾವ ಅಂಗಡಿ ದುಬಾರಿ ಅಂತ ಸುದ್ದಿಯಲ್ಲಿ ಬರತೊಡಗಿದಾಗ ಅಂಗಡಿಗಳಿಗೆ ಬಿಸಿ ಮುಟ್ಟಿತು.

ಹಾಗಂತ ಬೆಲೆ ಬಯಲಾದರೆ ಯಾವಾಗಲೂ ಗಿರಾಕಿಗೇ ಲಾಭ ಅಂತಲೂ ಅಲ್ಲ. ಡೆನ್ಮಾರ್ಕ್ 1993ರಲ್ಲಿ ಕಟ್ಟಡಕ್ಕೆ ಬಳಸುವ ಸಿದ್ಧ ಕಾಂಕ್ರೀಟಿನ ನಿಜವಾದ ಮಾರಾಟ ಬೆಲೆಗಳನ್ನು ಪ್ರಕಟಿಸಲು ನಿರ್ಧರಿಸಿತು. ಪೈಪೋಟಿ ಹೆಚ್ಚಲಿ ಅಂತ ಉದ್ದೇಶ. ಆದದ್ದು ಉಲ್ಟಾ. ಒಂದು ವರ್ಷದೊಳಗೆ ಬೆಲೆ ಶೇ 15ರಿಂದ 20ರಷ್ಟು ಏರಿತು. ಗಿರಾಕಿಗಳಿಗಿಂತ ಹೆಚ್ಚು ಗಮನವಿಟ್ಟು ಆ ಪಟ್ಟಿ ಓದಿದವರು ಮಾರುವವರೇ. ಯಾರು ಗುಟ್ಟಾಗಿ ರಿಯಾಯಿತಿ ಕೊಡುತ್ತಿದ್ದಾರೆ ಅಂತ ಎಲ್ಲರಿಗೂ ಗೊತ್ತಾಗುವಂತಿದ್ದರೆ ಯಾರಿಗೂ ಇಳಿಸುವ ಮನಸ್ಸು ಬರುವುದಿಲ್ಲ. ದಿನಸಿ ಅಂಗಡಿಗಳೂ ಒಬ್ಬರ ಜಾಹೀರಾತನ್ನು ಇನ್ನೊಬ್ಬರು ನಮಗಿಂತ ಮೊದಲೇ ಓದುತ್ತಾರೆ. ಈ ಆ್ಯಪ್‌ಗಳನ್ನು ಅವರೂ ಹಾಕಿಕೊಂಡಿರುತ್ತಾರೆ.

ಹಾಗಾಗಿ ಈ ಆ್ಯಪ್‌ಗಳಿಂದ ಇಡೀ ಊರಿನ ಬೆಲೆ ಇಳಿಯುತ್ತದೆ ಅಂತ ನಾನು ಲೆಕ್ಕ ಇಟ್ಟುಕೊಂಡಿಲ್ಲ. ನನ್ನ ಲೆಕ್ಕವೆಲ್ಲ ಆ ಹದಿನೆಂಟು ಸಾಮಾನಿನದ್ದು. ಕೆಲವು ವಾರ ಹುಡುಕಿದಾಗ ಅವುಗಳಲ್ಲಿ ಒಂದೂ ಇಳಿದಿರುವುದಿಲ್ಲ. ಆ ವಾರ ಚೀಟಿ ಹಿಡಿದು ಹತ್ತಿರದ ಅಂಗಡಿಗೇ ನಡೆದು ಹೋಗುತ್ತೇನೆ. ತೀರಾ ಬೇಕಾದ್ದನ್ನು ಮಾತ್ರ ಚಿಕ್ಕ ಪ್ಯಾಕೆಟ್ ತಂದು, ನೋಟ್‌ಬುಕ್ಕಿನಲ್ಲಿ ಆ ದಿನದ ಬೆಲೆ ಬರೆದಿಡುತ್ತೇನೆ.